ಮೆರುಗು ಕೊಟ್ಟ ಮೆಟ್ಟಿಲು

"ಗುರುಗಳೇ, ನನ್ನ ತಪ್ಪಿನಿಂದ ಯಾರಿಗೂ ಕೇಡಾಗದಂತೆ ನಾನೇ ಎಚ್ಚರದಿಂದ ನೋಡಿಕೊಂಡರೆ ಸಾಲದೇ? ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಶಿಷ್ಯನು ಕೇಳಿದನು. ಅವನ ದನಿಯಲ್ಲಿ ಅಳುಕಿತ್ತು.

ಗುರುಗಳು ಅವನನ್ನು ಕೂರಿಸಿ ಈ ಕತೆಯನ್ನು ಹೇಳಿದರು.

ಒಬ್ಬ ವರ್ತಕನ ಮನೆಯ ಹಿತ್ತಿಲಲ್ಲಿ ಒಂದು ಕೊಳವಿತ್ತು. ಅವನ ಮುದಿ ತಾಯಿ ದಿನವೂ ಬೆಳಗ್ಗೆ ಅದರಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿ ಬಂದು, ದೇವರಿಗೆ ದೀಪ ಹಚ್ಚುವಳು. ಮಿಂದ ಮೇಲೆ ದೀಪ ಹಚ್ಚುವ ತನಕ ಅವಳು ಮಡಿ, ಮಗನೂ ಮುಟ್ಟುವಂತಿರಲಿಲ್ಲ. ಕಣ್ಣು ಮಂಜಾಗಿತ್ತು. ಆದರೆ ಒರಟು ಗಾರೆಯ ಆ ಮೆಟ್ಟಿಲುಗಳನ್ನು ಅವಳ ಅಂಗಾಲು ಬಲ್ಲದು.

ಗಾರೆ ಹಳೆಯದಾಗಿ ಕಪ್ಪಿಟ್ಟಿತು. ಮನೆಗೆ ಬಂದ ಬೀಗರು, "ಇದು ಕೊಳವೋ, ಎಮ್ಮೆಯ ಬೆನ್ನೋ?" ಎಂದು ನಕ್ಕರು. ಆ ಮಾತು ವರ್ತಕನಿಗೆ ನಾಟಿತು. ಹೆಸರಾದ ಗಾರೆಯವನೊಬ್ಬನನ್ನು ದೂರದ ಊರಿನಿಂದ ಕರೆಸಿದನು. ನೀರನ್ನೆಲ್ಲ ಹೊರಗೆ ಹಾಕಿಸಿ, ಹಳೆಯ ಗಾರೆಯನ್ನು ಕೆತ್ತಿಸಿ, ಹೊಸದನ್ನು ಬಳಿಸಿದನು.

"ಮುಖ ಕಾಣುವಂತೆ ಮೆರುಗು ಬರಬೇಕು. ಒಂದು ಮೆಟ್ಟಿಲನ್ನೂ ಬಿಡಬೇಡ" ಎಂದನು.

ಗಾರೆಯವನಿಗೂ ತನ್ನ ಕೈಚಳಕದ ಹೆಮ್ಮೆ. "ಇನ್ನು ಮೀಸೆ ತಿದ್ದಿಕೊಳ್ಳಲು ಇಲ್ಲಿಗೇ ಬನ್ನಿ, ಒಡೆಯರೇ" ಎಂದು ನಗುತ್ತ, ನುಣ್ಣನೆಯ ಕಲ್ಲಿನಿಂದ ಎಲ್ಲವನ್ನೂ ಉಜ್ಜಿದನು.

ಕೊಳ ತುಂಬಿದ ದಿನ ವರ್ತಕನು ಬೀಗರನ್ನು ಕರೆದು ಊಟ ಹಾಕಿದನು. ಎಲ್ಲರೂ ಹೊಗಳಿದರು. ತಾಯಿ ದಡದಲ್ಲಿ ಕುಳಿತು ಹೊಸ ಗಾರೆಯನ್ನು ಸವರಿ, "ನನಗೋಸ್ಕರ ಮಾಡಿಸಿದೆಯೇನೋ, ಮಗು?" ಎಂದಳು. ಅವನು, "ಹೌದಮ್ಮ" ಎಂದನು.

ಎಲ್ಲರೂ ಹೋದ ಮೇಲೆ ಅವನು ತಾನೇ ನೀರಿಗಿಳಿದನು. ಮೆಟ್ಟಿಲ ಮೇಲೆ ಕಾಲು ಜಾರಿತು. ಹಿಡಿಯಲು ಎಲ್ಲಿಯೂ ಒರಟು ಸಿಗಲಿಲ್ಲ. ಮೊಣಕೈ ಜಜ್ಜಿಕೊಂಡು ಮೇಲೆ ಬಂದು ಕುಳಿತವನಿಗೆ ತಾಯಿಯ ಪಾದಗಳು ಕಣ್ಣಮುಂದೆ ಬಂದವು.

ಗಾರೆಯನ್ನು ಮತ್ತೆ ಕೆತ್ತಿಸಬೇಕು. ಕೆತ್ತಿಸಿದರೆ ಬೀಗರು ಏಕೆಂದು ಕೇಳುತ್ತಾರೆ. ತಾಯಿಯೂ ಕೇಳುತ್ತಾಳೆ. ಇದ್ದ ಮರ್ಯಾದೆಯೂ ಹೋಗುತ್ತದೆ. ಅವನು ಬಾಯಿ ಬಿಡಲಿಲ್ಲ. 'ನಾನೇ ಕಾಯುತ್ತೇನೆ' ಎಂದುಕೊಂಡನು.

ಮರುದಿನದಿಂದ ತಾಯಿ ಏಳುವ ಮೊದಲೇ ಕೊಳದ ಬಳಿ ಬಂದು ನಿಲ್ಲತೊಡಗಿದನು. ಅವಳು ಮೆಟ್ಟಿಲಿಗೆ ಕಾಲಿಟ್ಟಾಗಲೆಲ್ಲ ಅವನ ಉಸಿರು ನಿಲ್ಲುವುದು. ಅನ್ನ ಸೇರದಾಯಿತು. ಅಂಗಡಿಯಲ್ಲಿ ಕುಳಿತರೂ ಯಾರೋ ನೀರಿಗೆ ಬಿದ್ದ ಸದ್ದು ಕೇಳಿದಂತಾಗಿ ಮನೆಗೆ ಓಡಿ ಬರುವನು.

"ಕೊಕ್ಕರೆಯ ಹಾಗೆ ಇಲ್ಲೇಕೆ ನಿಂತಿದ್ದೀಯೋ?" ಎಂದಳು ತಾಯಿ ಒಂದು ದಿನ, ನೀರಿನಿಂದ ಮೇಲೆ ಬರುತ್ತ.

"ಸುಮ್ಮನೆ, ಅಮ್ಮ. ಕೈ ಕೊಡಲೇ?"

"ದೂರ ನಿಲ್ಲು, ಮಡಿಯಲ್ಲಿದ್ದೇನೆ. ಇಷ್ಟು ವರ್ಷ ಇಲ್ಲದ ಕೈ ಈಗೇಕೆ?"

ಏಕೆಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ದೂರ ನಿಂತನು.

ಹೀಗಿರಲು ಒಂದು ಬೆಳಗ್ಗೆ, ಅವನು ನೋಡುತ್ತಿದ್ದಂತೆಯೇ, ಅವಳ ಕಾಲು ಜಾರಿತು. ಅವನು ಕೈ ಚಾಚಿದನು. ದೂರ ನಿಂತವನ ಕೈ ಅದು, ಎಟುಕಲಿಲ್ಲ.

ನೀರಿನಿಂದ ಎತ್ತಿ ತಂದು ಮಲಗಿಸಿದನು. ಸೊಂಟ ಮುರಿದಿತ್ತು. ಅವಳು ಇನ್ನು ಏಳಲಾರಳು ಎಂದರು ವೈದ್ಯರು. ತಾಯಿ ತನ್ನ ಮಂಜುಗಣ್ಣನ್ನು ಮಗನ ಕಡೆಗೆ ತಿರುಗಿಸಿ, "ಜಾರುತ್ತದೆಂದು ನಿನಗೆ ಗೊತ್ತಿತ್ತೇ?" ಎಂದು ಕೇಳಿದಳು.

"ಮೊದಲ ದಿನವೇ ಗೊತ್ತಿತ್ತು, ಅಮ್ಮ. ಅದಕ್ಕೇ ದಿನವೂ ಕಾಯುತ್ತಿದ್ದೆ."

"ಹೇಳಿದ್ದರೆ ಬಾವಿಯ ಬಳಿ ಎರಡು ಕೊಡ ನೀರು ಸುರಿದುಕೊಳ್ಳುತ್ತಿದ್ದೆನಲ್ಲೋ" ಎಂದಳು ಅವಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಪಾಪ, ಅಷ್ಟು ಕಾದರೂ ತಾಯಿಯನ್ನು ಕಾಪಾಡಲಾಗಲಿಲ್ಲ" ಎಂದನು ಶಿಷ್ಯ.

"ಅವನು ಕಾದದ್ದು ತಾಯಿಯನ್ನಲ್ಲ" ಎಂದರು ಗುರುಗಳು.