ಓಬಳೇಶ ಹಂಚಿದ ಲಗ್ನಪತ್ರಿಕೆ

ಸೋಮವಾರ ಬೆಳಿಗ್ಗೆ ತಿಪ್ಪಮ್ಮ ಗುಂಡಿ ಒತ್ತಿದಳು. ಕಂಪ್ಯೂಟರ್ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಬಂತು, ಅಷ್ಟೆ. ಮತ್ತೆ ಒತ್ತಿದಳು. ಮತ್ತೆ ಅದೇ ಸಾಲು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಊರವರ ಲಗ್ನಪತ್ರಿಕೆಗಳೆಲ್ಲ ಅಲ್ಲಿ ಅಚ್ಚಾಗುತ್ತಿದ್ದವು. ಈಗ ಸ್ವಂತ ಮಗಳು ಗಿರಿಜೆಯ ಮದುವೆಗೆ ಹದಿಮೂರು ದಿನ ಉಳಿದಿತ್ತು. ಪತ್ರಿಕೆ ಆಗಿರಲಿಲ್ಲ. ಬೇರೆ ಕಡೆ ಮಾಡಿಸಬಹುದಿತ್ತು. ತಿಪ್ಪಮ್ಮ ಒಪ್ಪಲಿಲ್ಲ. ಅವಳ ಗಂಡ ಮಲ್ಲೇಶಪ್ಪ ಬೋರ್ಡು ಬರೆಯುತ್ತಿದ್ದ. ಅವನು ಬರೆದ ಅಕ್ಷರಗಳನ್ನೇ ಯಾರೋ ಒಬ್ಬ ಪುಣ್ಯಾತ್ಮ ಈ ಕಂಪ್ಯೂಟರಿಗೆ ಸೇರಿಸಿಕೊಟ್ಟಿದ್ದ. ಅ ಒತ್ತಿದರೆ ಮಲ್ಲೇಶಪ್ಪನ ಅ ಬರುತ್ತಿತ್ತು. ಮಲ್ಲೇಶಪ್ಪ ಸತ್ತು ಆರು ವರ್ಷ. ಅಕ್ಷರ ಈ ಯಂತ್ರ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಮಗಳ ಪತ್ರಿಕೆ ಅಪ್ಪನ ಅಕ್ಷರದಲ್ಲೇ ಆಗಬೇಕು. ಅದು ಅವಳ ಹಟ.

ಮಗ ಓಬಳೇಶನಿಗೆ ಮೂವತ್ತು ವರ್ಷ. ಅವನಿಗೆ ಬರುತ್ತಿದ್ದುದು ಎರಡೇ ಕೆಲಸ. ಬರೆದದ್ದನ್ನು ತಪ್ಪಿಲ್ಲದೆ ಟೈಪ್ ಮಾಡುವುದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. ತೊಂದರೆ ಎರಡನೆಯದರಿಂದ.

"ಲೋ ಓಬಳೇಶ, ಇದನ್ನ ಪೇಟೆಗೆ ತಗೊಂಡು ಹೋಗು. ತಿಳಿದೋರ ಹತ್ರ ತೋರಿಸು. ಅವರು ಕರೆದ ಕಡೆ ಹೋಗು. ನೆಲದ ಮೇಲೆ ಮಾತ್ರ ಇಡಬೇಡ, ಧೂಳು!"

"ಆಗ್ಲವ್ವಾ."

ಪೇಟೆಯಲ್ಲಿ ಕಂಪ್ಯೂಟರ್ ತಿಳಿದವರು ಇಬ್ಬರು. ಎದುರುಬದುರು ಅಂಗಡಿ. ಯಂತ್ರವನ್ನು ನಡೆಸುವ ಸಾಫ್ಟ್‌ವೇರಿಗೆ ಇಬ್ಬರೂ ಸಿಸ್ಟಮ್ ಅನ್ನುತ್ತಿದ್ದರು. ಚಂದ್ರಮೌಳಿ ದುಡ್ಡು ಕೊಟ್ಟು ತರುವ ಸಿಸ್ಟಮ್ ಹಾಕುತ್ತಿದ್ದ. ಪಾಲಾಕ್ಷ ಮೇಷ್ಟ್ರು ಯಾರು ಬೇಕಾದರೂ ಬಿಟ್ಟಿ ಹಾಕಿಕೊಳ್ಳುವ ಸಿಸ್ಟಮ್ ಹಾಕುತ್ತಿದ್ದರು. ಎರಡರಲ್ಲಿ ಯಾವುದು ಹಾಕಿದರೂ ಯಂತ್ರ ಎದ್ದು ಕೆಲಸ ಮಾಡುತ್ತಿತ್ತು. ಆದರೂ ಎಂಟು ವರ್ಷದಿಂದ ಇಬ್ಬರಿಗೂ ಜಗಳ.

ಓಬಳೇಶ ಯಂತ್ರ ತಲೆಯ ಮೇಲೆ ಹೊತ್ತು ರಸ್ತೆಯ ನಡುವೆ ನಿಂತ.

"ಸಿಸ್ಟಮ್ ಹೋಗಿದೆ ಕಣೋ, ಈಚೆ ಬಾ!" ಅಂದ ಚಂದ್ರಮೌಳಿ, ಕುರ್ಚಿಯಿಂದ ಏಳದೆ.

ಓಬಳೇಶ ಈಚೆ ಹೋದ.

"ಲೋ, ಅಲ್ಲಿಗೆ ಹೋಗ್ಬೇಡ! ಅವನ ಸಿಸ್ಟಮ್ ಹಾಕಿದ್ರೆ ನಿಮ್ಮಪ್ಪನ ಅಕ್ಷರ ಕೆಟ್ಟು ಹೋಗ್ತವೆ. ಆಚೆ ಬಾ!" ಅಂದರು ಮೇಷ್ಟ್ರು, ಅವರೂ ಏಳದೆ.

ಓಬಳೇಶ ಆಚೆ ಹೋದ.

"ಅವರ ಬಿಟ್ಟಿ ಸಿಸ್ಟಮಿಗೆ ಪ್ರಿಂಟರ್ ಮಾತು ಕೇಳಲ್ಲ ಕಣೋ! ಈಚೆ ಬಾ!"

ಈಚೆ ಹೋದ.

"ಅವನದು ಕೆಲಸದ ನಡುವೆ ಅಪ್‌ಡೇಟ್ ಅಂತ ಕೂತ್ಕೊಳುತ್ತೆ ಕಣೋ! ಆಚೆ ಬಾ!"

ಆಚೆ ಹೋದ.

ಈಚೆ ಬಾ, ಆಚೆ ಬಾ. ಈಚೆ ಬಾ, ಆಚೆ ಬಾ. ಅಂಗಡಿ ಮುಚ್ಚುವವರೆಗೂ ನಡೆಯಿತು. ಇಬ್ಬರಲ್ಲಿ ಒಬ್ಬನೂ ಯಂತ್ರದ ಮುಚ್ಚಳ ತೆಗೆದು ನೋಡಲಿಲ್ಲ. ಓಬಳೇಶ ಕತ್ತು ಊದಿಸಿಕೊಂಡು ಮನೆಗೆ ಬಂದ.

"ಏನಾಯ್ತೋ?"

"ನಡೆದೆ."

"ಎಲ್ಲಿಗೆ?"

"ಈಚೆಗೆ. ಆಚೆಗೆ. ಕರೆದ ಕಡೆ ಹೋಗು ಅಂತ ನೀನೇ ಅಂದ್ಯಲ್ಲವ್ವಾ."

ತಿಪ್ಪಮ್ಮ ಹಣೆ ಚಚ್ಚಿಕೊಂಡಳು. "ದಡ್ಡ ಮುಂಡೇದೆ! ಇಬ್ಬರ ಮಾತು ಕೇಳಿದ್ರೆ ಇನ್ನೇನಾಗುತ್ತೆ? ನಾಳೆ ಒಬ್ಬನ್ನ ಕೇಳು. ಒಬ್ಬನ್ನೇ! ಅವನು ಏನು ಮಾಡು ಅಂತಾನೋ ಅದನ್ನ ಮಾಡು."

"ಆಗ್ಲವ್ವಾ."

ಮಂಗಳವಾರ ಓಬಳೇಶ ಬಾಗಿಲು ದಾಟಿದ. ಮೊದಲು ಕಂಡ ಒಬ್ಬ ಖಾದರ್. ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವವನು. ಸೈಕಲ್ ಮೇಲೆ ಅವಸರದಲ್ಲಿ ಹೋಗುತ್ತಿದ್ದ.

"ಖಾದರಣ್ಣ! ಗುಂಡಿ ಒತ್ತಿದ್ರೆ ಏಳ್ತಿಲ್ಲ! ಏನು ಮಾಡ್ಲಿ?"

ಖಾದರ್ ತಿರುಗಿ ನೋಡಲಿಲ್ಲ. "ನೀರು ಕುಡಿದಿರುತ್ತೆ! ಬಿಚ್ಚಿ ಬಿಸಿಲಿಗೆ ಹಾಕು!" ಅಂದು ಹೋಗಿಬಿಟ್ಟ.

ಓಬಳೇಶ ಒಳಗೆ ಬಂದ. ತಿರುಪು ಬಿಚ್ಚಿದ. ಅಂಗಳದಲ್ಲಿ ಗಿರಿಜೆ ಮೆಣಸಿನಕಾಯಿ ಹರವಿದ್ದ ಚಾಪೆ ಇತ್ತು. ಯಂತ್ರದ ಕರುಳೆಲ್ಲ ತೆಗೆದು ಅದರ ಮೇಲೆ ಸಾಲಾಗಿ ಇಟ್ಟ. ಪಕ್ಕದಲ್ಲಿ ಕೂತು ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ.

ಮಧ್ಯಾಹ್ನ ತಿಪ್ಪಮ್ಮ ಬಂದಳು. ಕಂಡಳು. ಅಲ್ಲೇ ಕುಸಿದು ಕೂತಳು.

"ಅಯ್ಯೋ! ನಿಮ್ಮಪ್ಪನ್ನ ಇನ್ನೊಂದ್ಸಲ ಸಾಯಿಸಿದ್ಯಲ್ಲೋ!"

"ಒಣಗ್ತಾ ಇದೆ ಅವ್ವಾ. ಒಬ್ಬನ್ನೇ ಕೇಳು, ಅವನು ಹೇಳಿದ್ದು ಮಾಡು ಅಂತ ನೀನೇ ಅಂದ್ಯಲ್ಲವ್ವಾ."

"ಯಾರೋ ಬಿಚ್ಚು ಅಂದ್ರೆ ಬಿಚ್ಚೋದೇನೋ? ಬೇಡ ಅನ್ನೋಕೆ ಬಾಯಿರಲಿಲ್ವಾ? ನಾಳೆ ಚಂದ್ರಮೌಳಿ ಹತ್ರ ಹೋಗು. ಅವನು ಅದು ಮಾಡ್ಲಾ, ಇದು ಮಾಡ್ಲಾ ಅಂತಾನೆ. ಬೇಡ ಅನ್ನು! ತಿಳೀತಾ? ಬೇಡ!"

"ಆಗ್ಲವ್ವಾ."

ಗಿರಿಜೆ ಒಂದೊಂದೇ ಎತ್ತಿ, ಮೆಣಸಿನ ಬೀಜ ಕೊಡವಿ, ಮತ್ತೆ ಜೋಡಿಸಿದಳು. ಎರಡು ತಿರುಪು ಉಳಿದವು. ಯಂತ್ರ ಏಳಲಿಲ್ಲ.

ಬುಧವಾರ ಓಬಳೇಶ ಚಂದ್ರಮೌಳಿಯ ಅಂಗಡಿಗೆ ಹೋದ.

"ಬಾರಪ್ಪ ಬಾ! ಕೊನೆಗೂ ಬುದ್ಧಿ ಬಂತು. ಹೊಸ ಸಿಸ್ಟಮ್ ಹಾಕ್ಲಾ?"

"ಬೇಡ."

"ಬೇಡವಾ? ಹಾಗಾದ್ರೆ ಹಳೇದನ್ನೇ ಮತ್ತೆ ಹಾಕ್ಲಾ?"

"ಬೇಡ."

"ನಿಮ್ಮಪ್ಪನ ಅಕ್ಷರನಾದ್ರೂ ತೆಗೆದಿಡ್ಲಾ?"

"ಬೇಡ."

"ಹಾಗಾದ್ರೆ ಅಳಿಸಿಬಿಡ್ಲಾ?"

"ಬೇಡ!"

ಎದುರು ಅಂಗಡಿಯಿಂದ ಪಾಲಾಕ್ಷ ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ನೋಡ್ದಾ ಚಂದ್ರಮೌಳಿ? ನಿನ್ನ ಸಿಸ್ಟಮ್ ಇಂಥವನಿಗೂ ಬೇಡ!"

ಚಂದ್ರಮೌಳಿಯ ಮುಖ ಕೆಂಪಾಯಿತು. "ಹೇಳಿಕೊಟ್ಟು ಕಳಿಸಿದ್ದು ನೀವೇ ಅಲ್ವೇನ್ರೀ ಮೇಷ್ಟ್ರೇ? ಲೋ, ನಿನ್ನ ಡಬ್ಬಾ ತಗೊಂಡು ಇಲ್ಲಿಂದ ಹೊರಡ್ತೀಯೋ, ಒದೀಲೋ?"

"ಬೇಡ," ಅಂದ ಓಬಳೇಶ. ಹೊರಡಲೂ ಇಲ್ಲ.

ಒದೆ ಬಿತ್ತು. ಯಂತ್ರ ಹೊತ್ತು ಮನೆಗೆ ಬಂದ.

"ಏನಂದನೋ?"

"ಅಕ್ಷರ ತೆಗೆದಿಡ್ಲಾ ಅಂದ."

"ನೀನೇನಂದೆ?"

"ಬೇಡ ಅಂದೆ. ನೀನೇ ಅಂದ್ಯಲ್ಲವ್ವಾ."

ತಿಪ್ಪಮ್ಮ ಪೊರಕೆ ಎತ್ತಿದಳು. ಗಿರಿಜೆ ಕೈ ಹಿಡಿದುಕೊಂಡಳು.

"ಬಿಡೇ ನನ್ನ! ಲೋ ಹಾಳಾದೋನೆ, ನಾಳೆ ನೀನು ಬಾಯಿ ಬಿಡಬೇಡ! ಯಂತ್ರ ಇಲ್ಲೇ ಇರ್ಲಿ. ನೀನು ಹೋಗಿ ಅವರಿಬ್ಬರೂ ಏನು ಹೇಳ್ತಾರೋ ಒಂದಕ್ಷರ ಬಿಡದೆ ಬರ್ಕೊಂಡು ಬಾ. ಓದಿ ನಾನು ತೀರ್ಮಾನ ಮಾಡ್ತೀನಿ."

ಕೈಗೆ ಸಿಕ್ಕಿದ ನೋಟ್‌ಬುಕ್ ಅವನ ಕಡೆ ಎಸೆದಳು. ಅದರ ಮೊದಲ ಪುಟದಲ್ಲಿ ಗಿರಿಜೆಯ ಲಗ್ನಪತ್ರಿಕೆಯ ಒಕ್ಕಣೆ ಇತ್ತು. ತಿಪ್ಪಮ್ಮನೇ ಬರೆದಿಟ್ಟದ್ದು. ಉಳಿದ ಪುಟಗಳು ಖಾಲಿ.

ಗುರುವಾರ ಓಬಳೇಶ ರಸ್ತೆಯ ನಡುವೆ ನಿಂತು ಎರಡನೆಯ ಪುಟ ತೆಗೆದ. ಬಾಯಿ ಬಿಡಲಿಲ್ಲ. ಪೆನ್ನು ತೆಗೆದ.

ಇಬ್ಬರೂ ನೋಡಿದರು. ಎಂಟು ವರ್ಷದ ಜಗಳವನ್ನು ಬರೆದುಕೊಳ್ಳಲು ಬಂದವನು ಇವನೇ ಮೊದಲು. ಇಬ್ಬರೂ ಕುರ್ಚಿಯಿಂದ ಎದ್ದರು. ಗಂಟಲು ಸರಿಮಾಡಿಕೊಂಡರು.

"ಬರ್ಕೋ ಓಬಳೇಶ! ಬಿಟ್ಟಿ ಸಿಸ್ಟಮ್ ಹಾಕಿಸಿಕೊಂಡೋನು ಒಂದು ಪುಟ ಪ್ರಿಂಟ್ ತೆಗೆಯೋಕೆ ಹತ್ತು ಸಾಲು ಮಂತ್ರ ಟೈಪ್ ಮಾಡಬೇಕು. ಬರ್ಕೊಂಡೆಯಾ?"

"ಇದನ್ನೂ ಬರ್ಕೋ! ದುಡ್ಡಿನ ಸಿಸ್ಟಮ್ ಹಾಕಿಸಿಕೊಂಡೋನು ಅವನ ಮನೇಲಿ ಅವನೇ ಬಾಡಿಗೆಗೆ ಇದ್ದ ಹಾಗೆ. ಅದು ಏಳು ಅಂದಾಗ ಏಳಬೇಕು, ಆರಿಸಬೇಡ ಅಂದ್ರೆ ಕಾಯಬೇಕು!"

"ಬರ್ಕೋ! ಮೇಷ್ಟ್ರಿಗೆ ಪೆನ್ಷನ್ ಬರುತ್ತೆ, ದಿನವಿಡೀ ಸಿಸ್ಟಮ್ ರಿಪೇರಿ ಮಾಡ್ತಾ ಕೂರ್ತಾರೆ. ಕೆಲಸ ಇರೋರಿಗೆ ಆಗಲ್ಲ!"

"ಬರ್ಕೋ! ಚಂದ್ರಮೌಳಿಗೆ ಸಿಸ್ಟಮ್ ಒಳಗೆ ಏನಿದೆ ಅಂತ ಗೊತ್ತಿಲ್ಲ. ತಲೆ ಒಳಗೂ ಏನಿದೆ ಗೊತ್ತಿಲ್ಲ!"

"ಗಡ್ಡಕ್ಕೆ ಮರ್ಯಾದೆ ಕೊಟ್ಟು ಸುಮ್ನಿದೀನಿ ಮೇಷ್ಟ್ರೇ! ಗಿರಿಜೆ ಮದುವೆಗೆ ಬರ್ತೀರಲ್ಲ? ಛತ್ರದ ಗೇಟಿನ ಹತ್ರ ಎರಡು ಯಂತ್ರ ತಂದು ಇಡೋಣ. ಊರೆಲ್ಲ ನೋಡ್ಲಿ. ಸೋತೋನು ಅಂಗಡಿ ಮುಚ್ಚಬೇಕು!"

"ತರ್ತೀನಿ ಕಣೋ! ಊರೆಲ್ಲ ಬರ್ಲಿ! ಬರ್ಕೊಂಡೆಯಾ ಓಬಳೇಶ?"

ಓಬಳೇಶ ಬರೆದುಕೊಂಡ. "ಬರ್ಕೊಂಡೆಯಾ" ಎಂಬುದನ್ನೂ ಬರೆದುಕೊಂಡ. ಆರು ಪುಟ ಆಯಿತು.

ಅದೇ ಹೊತ್ತಿಗೆ ಖಾದರ್ ತಿಪ್ಪಮ್ಮನ ಮನೆಗೆ ಬಂದಿದ್ದ.

"ತಪ್ಪಾಯ್ತಕ್ಕಾ. ಮೋಟಾರ್ ಅಂದ್ಕೊಂಡೆ. ಎಲ್ಲಿ, ನೋಡೋಣ."

ಮುಚ್ಚಳ ತೆಗೆದ. ಬೆರಳು ಹಾಕಿದ. ಒಂದು ವೈರು ಸಡಿಲ ಇತ್ತು. ಒತ್ತಿದ. ಗುಂಡಿ ಒತ್ತಿದ. ಯಂತ್ರ ಎದ್ದಿತು.

"ಯಾವ ಸಿಸ್ಟಮ್ ಹಾಕ್ದೆ ಖಾದರ್?"

"ಯಾವ್ದೂ ಹಾಕ್ಲಿಲ್ಲಕ್ಕಾ. ಇದ್ದದ್ದೇ ಇದೆ. ವೈರು ಒತ್ತಿದೆ."

ತಿಪ್ಪಮ್ಮ ಅ ಒತ್ತಿದಳು. ಮಲ್ಲೇಶಪ್ಪನ ಅ ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಪೇಟೆಯ ದಿಕ್ಕಿಗೆ ತಿರುಗಿ ಇಬ್ಬರ ವಂಶವನ್ನೂ ಬೈದಳು.

ಅವಳೂ ಗಿರಿಜೆಯೂ ಜವಳಿ ತರಲು ದಾವಣಗೆರೆಗೆ ಹೊರಟಿದ್ದರು. ಬಸ್ಸಿಗೆ ಹತ್ತು ನಿಮಿಷ ಇತ್ತು. ಬಾಗಿಲಲ್ಲಿ ಓಬಳೇಶ ಎದುರಾದ.

"ಅವ್ವಾ, ಬರ್ಕೊಂಡು ಬಂದೆ."

"ಒಲೆಗೆ ಹಾಕು ಅವರ ಮಾತನ್ನ! ಯಂತ್ರ ಎದ್ದಿದೆ. ನಾನು ಬರೋದು ನಾಳೆ ಸಂಜೆ. ನೀನು ಕೂತು ಆ ನೋಟ್‌ಬುಕ್‌ನಲ್ಲಿ ಇರೋದನ್ನ ಒಂದಕ್ಷರ ಬಿಡದೆ ಟೈಪ್ ಮಾಡು. ನಾನೂರು ಪತ್ರಿಕೆ ತೆಗಿ. ನಾಳೆ ಬೆಳಿಗ್ಗೆ ಮನೆಮನೆಗೆ ಕೊಡು. ಬೀಗರಿಗೆ ಬಸ್ಸಲ್ಲಿ ಕಳಿಸು. ಯಾರನ್ನೂ ಏನೂ ಕೇಳಬೇಡ!"

"ಆಗ್ಲವ್ವಾ."

ಓಬಳೇಶ ಮಾತನ್ನು ಒಲೆಗೆ ಹಾಕಲು ನೋಡಿದ. ಮಾತು ನೋಟ್‌ಬುಕ್‌ನಲ್ಲಿತ್ತು. ನೋಟ್‌ಬುಕ್‌ನಲ್ಲಿ ಇರೋದನ್ನ ಒಂದಕ್ಷರ ಬಿಡದೆ ಅಂತ ಅವ್ವ ಆಮೇಲೆ ಹೇಳಿದ್ದಳು. ಆಮೇಲೆ ಹೇಳಿದ್ದೇ ಕೊನೆಯ ಮಾತು. ಕೂತ. ಮೊದಲ ಪುಟ ಟೈಪ್ ಮಾಡಿದ. ಎರಡನೆಯ ಪುಟ ಟೈಪ್ ಮಾಡಿದ. ಏಳೂ ಪುಟ ಟೈಪ್ ಮಾಡಿದ. ಜಾಗ ಸಾಲದೆ ಅಕ್ಷರ ಸಣ್ಣದು ಮಾಡಿದ. ಆದರೂ ಸಾಲದೆ ಪತ್ರಿಕೆಯ ಹಿಂದೆಯೂ ತೆಗೆದ. ಒಂದು ತಪ್ಪೂ ಇರಲಿಲ್ಲ.

ಶನಿವಾರ ಬೀಗರು ಕೆಂಚಪ್ಪನವರು ಪತ್ರಿಕೆ ಹಿಡಿದುಕೊಂಡು ಬಂದರು. ಕೂತುಕೊಳ್ಳಲಿಲ್ಲ.

"ಏನಮ್ಮ ಬೀಗಿತ್ತಿ ಇದು? ನನ್ನ ಮಗನ ಹೆಸರಿನ ಕೆಳಗೆ ಏನು ಬರೆಸಿದೀರಾ?"

ತಿಪ್ಪಮ್ಮ ಇಸಿದುಕೊಂಡು ಓದಿದಳು. ಚಿರಂಜೀವಿ ಸೌಭಾಗ್ಯವತಿ ಗಿರಿಜಾ, ಚಿರಂಜೀವಿ ಹಾಲೇಶ, ಭಾನುವಾರ ಬೆಳಿಗ್ಗೆ ಹತ್ತೂವರೆ, ರೇವಣಸಿದ್ಧೇಶ್ವರ ಛತ್ರ, ಸಕುಟುಂಬರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ, ಬರ್ಕೋ ಓಬಳೇಶ ಬಿಟ್ಟಿ ಸಿಸ್ಟಮ್ ಹಾಕಿಸಿಕೊಂಡೋನು. ಮಗುಚಿ ಓದಿದಳು. ತಲೆ ಒಳಗೂ ಏನಿದೆ ಗೊತ್ತಿಲ್ಲ. ಊರೆಲ್ಲ ಬರ್ಲಿ. ಬರ್ಕೊಂಡೆಯಾ.

"ಎಷ್ಟು ಕೊಟ್ಟಿದೀಯೋ?"

"ನಾನೂರೂ. ನೀನೇ ಅಂದ್ಯಲ್ಲವ್ವಾ."

ಈ ಸಲ ಪೊರಕೆಯನ್ನು ಯಾರೂ ಹಿಡಿಯಲಿಲ್ಲ. ಕೆಂಚಪ್ಪನವರು ಅದು ಮುಗಿಯುವವರೆಗೂ ನಿಂತಿದ್ದರು. ಕೋಪ ಸ್ವಲ್ಪ ಇಳಿಯಿತು.

"ಮದುವೆ ನಿಲ್ಲಿಸೋಣ ಅಂತ ಬಂದಿದ್ದೆ. ಹೋಗ್ಲಿ ಬಿಡಿ," ಅಂದರು. ಪತ್ರಿಕೆಯನ್ನು ಇನ್ನೊಮ್ಮೆ ನೋಡಿದರು. "ಅಕ್ಷರ ಮಾತ್ರ ಚೆನ್ನಾಗಿದಾವೆ."

ಅವರು ಹೋದ ಮೇಲೆ ತಿಪ್ಪಮ್ಮ ಮಗನ ಕಡೆ ತಿರುಗಿದಳು.

"ಇನ್ನು ನೀನು ಯಂತ್ರ ಮುಟ್ಟಬೇಡ. ಪೆನ್ನು ಮುಟ್ಟಬೇಡ. ಮದುವೆ ದಿನ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೋ. ಬಂದೋರಿಗೆಲ್ಲ ಅಕ್ಷತೆ ಕೊಡು. ಗಟ್ಟಿಮೇಳ ಬಾರಿಸಿದಾಗ ಹಾಕಿ ಅನ್ನು. ಅಷ್ಟೂ ಆಗಲ್ವಾ?"

"ಯಾರ ಮೇಲೆ ಹಾಕೋದವ್ವಾ?"

"ಎದುರಿಗಿರೋ ಜೋಡಿ ಮೇಲೆ ಕಣೋ, ಕತ್ತೆ! ಇನ್ಯಾರ ಮೇಲೆ?"

"ಆಗ್ಲವ್ವಾ."

ಮುಂದಿನ ವಾರ, ಮದುವೆಯ ಭಾನುವಾರ, ಊರೆಲ್ಲ ಬಂತು. ಪತ್ರಿಕೆ ಕೊಡದವರೂ ಬಂದರು. ಯಾರೂ ಒಳಗೆ ಹೋಗಲಿಲ್ಲ. ಗೇಟಿನ ಹತ್ತಿರ ಎರಡು ಮೇಜು, ಎರಡು ಯಂತ್ರ. ಒಂದರ ಹಿಂದೆ ಚಂದ್ರಮೌಳಿ, ಒಂದರ ಹಿಂದೆ ಪಾಲಾಕ್ಷ ಮೇಷ್ಟ್ರು. ಇಬ್ಬರೂ ಹೊಸ ಪಂಚೆ ಉಟ್ಟಿದ್ದರು. ಜನ ಸುತ್ತ ನಿಂತರು.

"ಒತ್ತಿ ನೋಡೋಣ ಮೇಷ್ಟ್ರೇ!"

"ಮೊದಲು ನೀನು ಒತ್ತೋ!"

"ಹೆದರಿಕೆನಾ?"

"ಯಾರಿಗೋ ಹೆದರಿಕೆ?"

ಓಬಳೇಶ ತಟ್ಟೆ ಹಿಡಿದು ಬಂದವರಿಗೆಲ್ಲ ಅಕ್ಷತೆ ಕೊಟ್ಟ. ತಟ್ಟೆ ಖಾಲಿಯಾಯಿತು. ಒಳಗೆ ಹೋಗಿ ಇನ್ನೊಂದು ತಂದ. ಅದೂ ಖಾಲಿಯಾಯಿತು.

ಚಂದ್ರಮೌಳಿ ಮೇಷ್ಟ್ರ ಶಲ್ಯ ಹಿಡಿದ. ಮೇಷ್ಟ್ರು ಅವನ ಕಾಲರ್ ಹಿಡಿದರು. ಅದೇ ಹೊತ್ತಿಗೆ ಒಳಗೆ ಪುರೋಹಿತರು ಕೂಗಿದರು. ಗಟ್ಟಿಮೇಳ ಮೊಳಗಿತು.

ಓಬಳೇಶ ಎದುರಿಗೆ ನೋಡಿದ. ಜೋಡಿ ಇತ್ತು.

"ಹಾಕಿ!" ಅಂದ.

ಜನ ಹಾಕಿದರು. ಚಂದ್ರಮೌಳಿಯ ತಲೆಯ ಮೇಲೆ ಬಿತ್ತು, ಮೇಷ್ಟ್ರ ತಲೆಯ ಮೇಲೆ ಬಿತ್ತು, ಎರಡು ಯಂತ್ರಗಳ ಸಂದುಗಳೊಳಗೂ ಬಿತ್ತು. ಎರಡೂ ಏಳಲಿಲ್ಲ.

ಒಳಗೆ ಗಿರಿಜೆಗೆ ತಾಳಿ ಕಟ್ಟಿದರು. ಅವಳ ಮೇಲೆ ಅಕ್ಷತೆ ಹಾಕಿದವರು ಐದು ಜನ. ತಿಪ್ಪಮ್ಮ, ಬೀಗರಿಬ್ಬರು, ಪುರೋಹಿತರು, ಖಾದರ್.