ಸೂಲಗಿತ್ತಿಯ ಮುಖ

ಅಡಿವೆಯ್ಯ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಕುಳಿತು ಕೇಳಿದ:

“ಜಪ ಹಿಡಿದರೆ ಓದು ಬಿಟ್ಟುಹೋಯಿತೆನಿಸುತ್ತದೆ. ಓದಿಗೆ ಕುಳಿತರೆ ರೋಗಿಗಳ ಸೇವೆಯೇ ಮೇಲೆನಿಸುತ್ತದೆ. ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಇವುಗಳಲ್ಲಿ ನನಗೆ ತಕ್ಕ ಸಾಧನ ಯಾವುದು?”

ಗುರುಗಳು ಉತ್ತರವಾಗಿ ಒಬ್ಬ ಶಿಲ್ಪಿಯ ಕತೆ ಹೇಳಿದರು.

ಮಾನಪ್ಪ ಎಂಬ ಶಿಲ್ಪಿ ಇದ್ದ. ದೇವರ ಮೂರ್ತಿ ಕಡೆಯುವುದರಲ್ಲಿ ಅವನದು ಪಳಗಿದ ಕೈ. ಬದುಕಿರುವ ಮನುಷ್ಯರ ಮುಖವನ್ನು ಮಾತ್ರ ಅವನು ಎಂದೂ ಮಾಡಿರಲಿಲ್ಲ. ಒಮ್ಮೆ ಪಕ್ಕದ ಊರಿನ ಪ್ರಮುಖರು ಅವನಲ್ಲಿಗೆ ಬಂದರು. ಅವರ ಊರಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಳು. ಐವತ್ತು ವರ್ಷ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದವಳು. ಬಂದವರಲ್ಲಿ ಇಬ್ಬರು ಅವಳ ಕೈಯಲ್ಲೇ ಹುಟ್ಟಿದವರು. ಹೊಸದಾಗಿ ಕಟ್ಟಿದ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಅವಳ ಎದೆಮಟ್ಟದ ಪ್ರತಿಮೆ ನಿಲ್ಲಿಸಬೇಕು, ಬದುಕಿರುವಾಗಲೇ ಅವಳು ಅದನ್ನು ನೋಡಬೇಕು ಎಂದರು.

ಮಾನಪ್ಪ ಒಪ್ಪಿದ. ಕೈವಾರ, ದಾರ ಹಿಡಿದು ಹೋಗಿ ಫಕೀರವ್ವನನ್ನು ಅಂಗಳದಲ್ಲಿ ಕೂರಿಸಿದ. ಹಣೆಯ ಅಗಲ, ಮೂಗಿನ ಉದ್ದ, ಕಿವಿಯಿಂದ ಕಿವಿಗೆ ಎಷ್ಟು, ಎಲ್ಲವನ್ನೂ ಬರೆದುಕೊಂಡ. ಆಕೆ ಏನೋ ಹೇಳಹೋದಳು. ತುಟಿ ಅಲುಗಿದರೆ ಅಳತೆ ತಪ್ಪುತ್ತದೆ ಎಂದು ಅವನು ಸುಮ್ಮನಿರಿಸಿದ.

ಮನೆಗೆ ಬಂದ ಮೇಲೆ ಗೊಂದಲ ಶುರುವಾಯಿತು. ಯಾವುದರಲ್ಲಿ ಮಾಡಬೇಕು? ಬಳಪದ ಕಲ್ಲು ಮೆದು, ಸುಕ್ಕುಗಳು ಸಲೀಸಾಗಿ ಮೂಡುತ್ತವೆ. ಆದರೆ ಬಯಲಲ್ಲಿ ಬೇಗ ಸವೆಯುತ್ತದೆ. ಕರಿಕಲ್ಲು ಸವೆಯುವುದಿಲ್ಲ, ಆದರೆ ಮುದುಕಿಯ ಕೆನ್ನೆ ಅದರಲ್ಲಿ ಬರುವುದು ಕಷ್ಟ. ಮರ ಬಿಸಿಲಿಗೆ ಬಿರಿಯುತ್ತದೆ. ಕಂಚಿನದಾದರೆ ಮೊದಲು ಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆದು, ಎರಕ ಹೊಯ್ಯಬೇಕು. ಆ ಕೆಲಸ ಅವನಿಗೆ ಹೊಸದು. ಅದೂ ಅಲ್ಲದೆ, ಕಲ್ಲಿನಲ್ಲಿ ತೆಗೆಯುತ್ತ ಹೋಗಬೇಕು, ತೆಗೆದದ್ದು ಮತ್ತೆ ಅಂಟುವುದಿಲ್ಲ. ಮಣ್ಣಿನಲ್ಲಿ ಹಚ್ಚುತ್ತ ಹೋಗಬೇಕು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಅವನು ಕಲ್ಲುಗಣಿಯವರನ್ನು ಕೇಳಿದ. ಕಂಚುಗಾರರನ್ನು ಕೇಳಿದ. ಅವರ ಮಾತು ಕೇಳಿ ಹೊರಡುವಾಗ ಮನಸ್ಸು ಗಟ್ಟಿಯಾಗಿರುತ್ತಿತ್ತು, ಮನೆ ಮುಟ್ಟುವಷ್ಟರಲ್ಲಿ ಸಡಿಲವಾಗುತ್ತಿತ್ತು. ಎರಡು ಕಲ್ಲು ತರಿಸಿ ಎರಡನ್ನೂ ಅರ್ಧಕ್ಕೆ ಬಿಟ್ಟ. ನಡುನಡುವೆ ಫಕೀರವ್ವನ ಬಳಿ ಹೋಗಿ ಅಳತೆ ಸರಿನೋಡಿಕೊಂಡು ಬರುತ್ತಿದ್ದ. ಹೀಗೆ ಏಳು ತಿಂಗಳು ಕಳೆಯಿತು.

ಎಂಟನೆಯ ತಿಂಗಳಲ್ಲಿ ಫಕೀರವ್ವನಿಗೆ ಲಕ್ವ ಹೊಡೆಯಿತು. ಸುದ್ದಿ ತಿಳಿದು ಮಾನಪ್ಪ ಓಡಿದ. ಆಕೆಯ ಎಡಗೆನ್ನೆ ಜೋತುಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಅವನು ಬರೆದಿಟ್ಟುಕೊಂಡ ಲೆಕ್ಕ ಈಗ ಆ ಮುಖಕ್ಕೆ ಹೊಂದುತ್ತಿರಲಿಲ್ಲ.

ಹಳೆಯ ಮುಖವನ್ನಾದರೂ ಮಾಡೋಣ ಎಂದು ಕಣ್ಣು ಮುಚ್ಚಿ ನೆನೆದ. ಮೂಗಿನ ಉದ್ದ ನೆನಪಾಯಿತು. ಕಿವಿಗಳ ಅಂತರ ನೆನಪಾಯಿತು. ಮುಖ ನೆನಪಾಗಲಿಲ್ಲ. ಏಳು ತಿಂಗಳು ಮತ್ತೆ ಮತ್ತೆ ಹೋಗಿ ಅಳೆದ ಮುಖ ತನಗೆ ಗೊತ್ತೇ ಇಲ್ಲವೆಂದು ಆಗ ತಿಳಿಯಿತು.

“ಅವ್ವಾ, ತಪ್ಪಾಯಿತು. ಈಗ ನಾನು ಯಾವ ಮುಖ ಮಾಡಲಿ?” ಎಂದ.

ಫಕೀರವ್ವ ತೊದಲುತ್ತ ಹೇಳಿದಳು: “ನೋಡಿದ್ದನ್ನ ಮಾಡಪ್ಪಾ. ನೋಡದ್ದನ್ನ ಹೆಂಗ ಮಾಡ್ತಿ?”

ಮಾನಪ್ಪ ಕೆರೆಯಿಂದ ಜೇಡಿಮಣ್ಣು ತಂದು ಆಕೆಯ ಮಂಚದ ಪಕ್ಕದಲ್ಲಿ ಕುಳಿತ. ಕೈವಾರ ಮುಟ್ಟಲಿಲ್ಲ. ಆಕೆ ತಾನು ಮಾಡಿಸಿದ ಮೊದಲ ಹೆರಿಗೆಯ ಸಂಗತಿಯನ್ನು ತಡೆತಡೆದು ಹೇಳಿದಳು. ಅರ್ಧ ಮಾತು ಅವನಿಗೆ ತಿಳಿಯಲಿಲ್ಲ, ಆದರೂ ಕೇಳಿದ. ಹನ್ನೊಂದು ದಿನ ಹಾಗೆ ಕುಳಿತ. ಜೋತ ಕೆನ್ನೆಯನ್ನು ಜೋತಂತೆಯೇ ಮಾಡಿದ. ಇನ್ನೊಂದು ಕೆನ್ನೆಯಲ್ಲಿ ಹಳೆಯ ಫಕೀರವ್ವ ತಾನಾಗಿ ಬಂದಳು. ಊರವರು ಬಂದು ನೋಡಿದರು. ಸೊಟ್ಟ ಬಾಯನ್ನು ನೆಟ್ಟಗೆ ಮಾಡು ಎಂದ ಒಬ್ಬನನ್ನು ಹೆಂಗಸರು ಗದರಿಸಿದರು. ಫಕೀರವ್ವ ಸ್ವಾಧೀನ ತಪ್ಪದ ಬಲಗೈ ಚಾಚಿ ಆ ಮಣ್ಣಿನ ಮುಖವನ್ನು ಒಮ್ಮೆ ಸವರಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯನಿಗೆ ಕತೆ ಇನ್ನೂ ಮುಗಿದಿಲ್ಲವೆನಿಸಿತು.

“ಗುರುಗಳೇ, ಆಸ್ಪತ್ರೆಯ ಬಾಗಿಲಲ್ಲಿ ಕೊನೆಗೆ ಯಾವುದನ್ನು ನಿಲ್ಲಿಸಿದರು? ಕಂಚಿನದೋ, ಕಲ್ಲಿನದೋ?”

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

“ಆ ಮುದುಕಿಗೆ ಗುಣವಾಯಿತೇ ಎಂದು ನೀನು ಕೇಳಲಿಲ್ಲ.”