ಹಳೇ ಶೆಲ್ಲು, ಹೊಸ ಶೆಲ್ಲು, ನಡುವ ಅಡಿವೆಪ್ಪ

ಕೇಳೂ ಮನಸಿದ್ರ ಕೇಳ್ರಿ, ಬರೇ ನಗಾಕಂತ ಕುಂತವರು ಎದ್ದು ಹೋದ್ರೂ ಅಡ್ಡಿಯಿಲ್ಲ. ಕಾಶವ್ವಗ ಒಬ್ಬನೇ ಮಗ, ಅಡಿವೆಪ್ಪ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದೇ ಆಕಿ ಹಣೇಬರಹ.

ಕಾಶವ್ವ ಜಾನಪದ ಸಂಗ್ರಹದ ಆಫೀಸಿನಾಗ ಮೂವತ್ತು ವರ್ಷ ಬೀಸುಕಲ್ಲಿನ ಪದ ಟೈಪ್ ಮಾಡಿ ಕಂಪ್ಯೂಟರಿನಾಗ ಇಟ್ಟಾಕಿ. ಹಾಡಿದ ಮುದುಕ್ಯಾರೆಲ್ಲ ಸತ್ತಿದ್ರು, ಬರಕೊಂಡ ಕಾಗದ ಗೆದ್ದಲು ತಿಂದಿತ್ತು. ಆಕಿ ಹಡದವ್ವನ ಪದಾನೂ ಅದರಾಗಿದ್ವು. ಹಳೇ ಕಂಪ್ಯೂಟರ್ ಗುಜರಿಗೆ ಹೋಗೂದಿತ್ತು, ಪದ ಹೊಸದಕ್ಕ ಸಾಗಿಸಬೇಕು. ಕಣ್ಣು ಮಂಜಾಗಿದ್ವು, ಮಗನ್ನ ಕೂಡಿಸಿದ್ಲು.

ಎರಡರಾಗೂ ಶೆಲ್ ಇತ್ತು. ಶೆಲ್ ಅಂದ್ರ ನಾವು ಟೈಪ್ ಮಾಡಿದ ಆಜ್ಞೆ ಓದಿ ಕೆಲಸ ಮಾಡಸಾಂವ. ಒಂದು ಅಜ್ಜನ ಕಾಲದ್ದು, ಇನ್ನೊಂದು ಈಗಿಂದು.

"ಮೇಲಿನ ಬಾಣ ಒತ್ತಿದ್ರ ಹಿಂದಿನ ಆಜ್ಞೆ ತಾನೇ ಬರ್ತದ" ಅಂತ ಕಂಪ್ಯೂಟರ್ ಕ್ಲಾಸಿನಾಗ ಮಾಸ್ತರು ಕಲಿಸಿದ್ರು. ಅಡಿವೆಪ್ಪ ಹಳೇದರ ಮುಂದ ಕುಂತು ಮಧ್ಯಾಹ್ನದ ತನಕ ಬಾಣ ಒತ್ತಿದ. ಪರದೆ ತುಂಬ ಹಾಳುಮೂಳು ಚಿನ್ಹೆ ಬಂದ್ವು.

"ಎಲೋ ಖೋಡಿ, ಹಳೇ ಶೆಲ್ಲಿಗೆ ಹಿಂದಿಂದು ನೆನಪಿರೂದಿಲ್ಲೋ. ಪ್ರತಿ ಸಲ ಪೂರ್ತಿ ಟೈಪ್ ಮಾಡು."

"ಹೂಂ ಅವ್ವಾ."

ಮರುದಿನ ಹೊಸದರ ಮುಂದ ಕುಂತ. ಒಂಬೈನೂರು ಪದ, ಒಂಬೈನೂರು ಸಲ ಆಜ್ಞೆ ಪೂರ್ತಿ ಟೈಪ್ ಮಾಡಿ ಹಳೇದರಿಂದ ಎಳಕೊಂಡ. ನಾಲ್ಕು ದಿನ ಹಿಡೀತು. ಬೆರಳು ಬಾತುಕೊಂಡ್ವು.

"ಇದರಾಗ ಬಾಣ ನಡೀತಿತ್ತಲ್ಲೋ ನನ್ನಪ್ಪಾ. ಆಜ್ಞೆ ಒಂದ್ಸಲ ಫೈಲಿನಾಗ ಬರದಿಟ್ರ ಸಾಕು, ಬೇಕಾದಾಗ ಓಡಸಬಹುದು. ನನ್ನ ಹಳೇ ಫೈಲ್ ಅದಾವ, ಅವನ್ನೇ ಓಡಸು. ಒಂದಕ್ಷರ ತಿದ್ದಬ್ಯಾಡ."

"ಹೂಂ ಅವ್ವಾ."

ಆ ಫೈಲುಗಳಾಗ ಒಂದಿತ್ತು, ಪ್ರತಿ ಶನಿವಾರ ಓಡಸೂದು. ಮೊದಲ ಸಾಲು: 'ಕಸ' ಅನ್ನೂ ಫೋಲ್ಡರಿಗೆ ಹೋಗು. ಎರಡನೇ ಸಾಲು: ಅಲ್ಲಿದ್ದದ್ದೆಲ್ಲ ಅಳಿಸು. ಕಸ ಇರಲಿಲ್ಲಂದ್ರ ಹಳೇ ಶೆಲ್ ಅಲ್ಲೇ ಕೆಲಸ ಬಿಡ್ತಿತ್ತು. ಹೊಸದು ಹಂಗಲ್ಲ. 'ಕಸ ಇಲ್ಲ' ಅಂತ ಒಂದು ಮಾತು ಅಂದು, ಎರಡನೇ ಸಾಲಿಗೆ ಹೋಗಿ, ನಿಂತ ಜಾಗಾನೇ ಗುಡಸ್ತದ. ಕಾಶವ್ವಗೂ ಇದು ಗೊತ್ತಿರಲಿಲ್ಲ.

ಶುಕ್ರವಾರ ಹಳೇ ಕಂಪ್ಯೂಟರ್ ಗುಜರಿಗೆ ಹೋತು. ಶನಿವಾರ ಅಡಿವೆಪ್ಪ ಪದ ಇದ್ದ ಫೋಲ್ಡರಿನಾಗೇ ನಿಂತು ಫೈಲ್ ಓಡಸಿದ. ಹೊಸದರಾಗ ಕಸ ಅನ್ನೂ ಫೋಲ್ಡರೇ ಇರಲಿಲ್ಲ. ಒಂಬೈನೂರೂ ಪದ ಹೋದ್ವು.

"ಒಂದಕ್ಷರ ತಿದ್ದಿಲ್ಲವ್ವಾ" ಅಂದ.

ಕಾಶವ್ವ ಬೈಲಿಲ್ಲ. ಯಾವ ಬಾಯಿಲೆ ಬೈಬೇಕು, ಹೇಳಿದಾಕಿ ತಾನೇ. ಮಿಂಚಿ ಹೋದ ಕಾರ್ಯಕ್ಕ ಚಿಂತಿಸಿ ಫಲವೇನು ಅಂತಾರ, ಚಿಂತಿ ಬಿಡಬೇಕಲ್ಲ. ಗ್ವಾಡಿ ಕಡೆ ಮುಖ ಮಾಡಿ ಅತ್ಲು. "ಇನ್ನ ಆ ಪದ ಬೇಕಂದ್ರ ಹಾಡಿದವರನ್ನೇ ಕೇಳಬೇಕು" ಅಂದ್ಲು.

ಅಡಿವೆಪ್ಪ ನೋಟಬುಕ್ಕು, ಪೆನ್ನು ತಗೊಂಡು ಸ್ಮಶಾನಕ್ಕ ಹೋದ. ಅವ್ವನ ಹಡದವ್ವ, ತನ್ನ ಆಯಿ, ಆಕಿ ಗೋರಿ ಮುಂದ ಕುಂತ. "ಆಯಿ, ಸಾವಕಾಶ ಹಾಡು, ಬರಕೋತೀನಿ" ಅಂದು ಕಾದ. ಹೊತ್ತು ಮುಳುಗಿತು.

ಮನಿಗೆ ಬಂದು ಅವ್ವನ ಬಾಜೂಕ ಕುಂತ.

"ಆಯಿ ಇವತ್ತು ಹಾಡಲಿಲ್ಲವ್ವಾ. ನಾಳೆ ಲಗೂ ಹೋಗ್ತೀನಿ."